ನಮ್ಮವರ ಅನ್ಯಾಯಕ್ಕೆ ನಾವೇ ಸಾಕ್ಷಿ

(ದೇವನಹಳ್ಳಿ ಸೀಮೆಯ ನಲ್ಲೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ಇಸ್ಲಾಮಿನಲ್ಲಿ ನ್ಯಾಯದ ಕಲ್ಪನೆ ಕುರಿತು ಮಾತನಾಡಿ ಎಂದಿರಿ. ಅಷ್ಟು ದೊಡ್ಡ ವಿಷಯದಲ್ಲಿ ಒಂದು ಮೂಲೆಯನ್ನು ಮಾತ್ರ ಈ ಸಂಜೆಗೆ ತೆಗೆದುಕೊಳ್ಳುತ್ತೇನೆ. ಅನ್ಯಾಯ ಮಾಡಿದವನು ಹೊರಗಿನವನಾದರೆ ನ್ಯಾಯ ಕೇಳುವುದು ಸುಲಭ. ಅವನು ನಮ್ಮವನಾಗಿದ್ದು, ಮಸೀದಿಯಲ್ಲಿ ನಮ್ಮ ಭುಜಕ್ಕೆ ಭುಜ ತಾಗಿಸಿ ನಮಾಜಿಗೆ ನಿಂತವನಾಗಿದ್ದರೆ? ಮದುವೆಗೆ ಬಂದು ಹರಸಿದವನು, ಕಷ್ಟಕ್ಕೆ ಆದವನು ಆಗಿದ್ದರೆ? ಆಗ ನ್ಯಾಯ ಒಂದು ಕಡೆ ಎಳೆಯುತ್ತದೆ, ನಿಷ್ಠೆ ಇನ್ನೊಂದು ಕಡೆ. ಈ ಎಳೆದಾಟಕ್ಕೆ ಕುರ್‌ಆನ್ ಮತ್ತು ಪ್ರವಾದಿ ಮುಹಮ್ಮದರ ಬದುಕು ಕೊಟ್ಟ ಉತ್ತರ ಬಹಳ ಸ್ಪಷ್ಟವಾಗಿದೆ. ನಾವು, ಅಂದರೆ ನಾನು ಹುಟ್ಟಿ ಬೆಳೆದ ಸಮುದಾಯದವರು, ಅದನ್ನು ಎಷ್ಟು ಕೇಳಿಸಿಕೊಂಡಿದ್ದೇವೆ ಎಂಬುದೇ ನನ್ನನ್ನು ಕಾಡುವ ಪ್ರಶ್ನೆ.

ಇಲ್ಲಿಂದ ಬೆಂಗಳೂರಿನ ಶಿವಾಜಿನಗರ ದೂರವಲ್ಲ. 2019ರ ಜೂನ್ ತಿಂಗಳಲ್ಲಿ ಅಲ್ಲಿ ನಡೆದದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬೇಕು. ಈದ್ ಮುಗಿದಿತ್ತು. ಹಬ್ಬಕ್ಕೆಂದು ಮುಚ್ಚಿದ್ದ ಐ ಮಾನೆಟರಿ ಅಡ್ವೈಸರಿ ಎಂಬ ಸಂಸ್ಥೆಯ ಕಚೇರಿ ಮತ್ತೆ ತೆರೆಯಲಿಲ್ಲ. ಜನ ಅದನ್ನು ಐಎಂಎ ಎಂದೇ ಕರೆಯುತ್ತಿದ್ದರು. ಜೂನ್ 10ರಂದು ಅದರ ಮುಖ್ಯಸ್ಥ ಮೊಹಮ್ಮದ್ ಮನ್ಸೂರ್ ಖಾನ್ ಅವರದ್ದೆನ್ನಲಾದ ಧ್ವನಿಮುದ್ರಿಕೆ ಮೊಬೈಲುಗಳಲ್ಲಿ ಹರಿದಾಡಿತು. ಲೇಡಿ ಕರ್ಜನ್ ರಸ್ತೆಯಲ್ಲಿ ಜನ ಸೇರಿದರು. ಬುರ್ಖಾ ತೊಟ್ಟ ತಾಯಂದಿರು, ನಿವೃತ್ತಿ ಹಣ ಇಟ್ಟ ಮೇಷ್ಟರುಗಳು, ಮಗಳ ಮದುವೆಗೆಂದು ಒಡವೆ ಮಾರಿ ಹಣ ಹೂಡಿದವರು, ಆಟೋ ಓಡಿಸಿ ಉಳಿಸಿದವರು. ದೂರು ಸ್ವೀಕರಿಸಲು ಪೊಲೀಸರು ಕಲ್ಯಾಣ ಮಂಟಪವನ್ನೇ ಬಳಸಬೇಕಾಯಿತು. 40,000ಕ್ಕೂ ಹೆಚ್ಚು ದೂರುಗಳು ಬಂದವು. ವಂಚನೆಯ ಮೊತ್ತ ಸುಮಾರು 4,000 ಕೋಟಿ ರೂಪಾಯಿ ಎಂದು ತನಿಖೆಯ ವೇಳೆ ಹೇಳಲಾಯಿತು. ದುಬೈಗೆ ಹೋಗಿದ್ದ ಮನ್ಸೂರ್ ಖಾನ್ ಜುಲೈ 19ರಂದು ದೆಹಲಿಗೆ ಬಂದಿಳಿದಾಗ ಬಂಧಿತರಾದರು. ವಿಶೇಷ ತನಿಖಾ ದಳದ ಕೈಯಲ್ಲಿದ್ದ ಪ್ರಕರಣ ಮುಂದೆ ಸಿಬಿಐಗೆ ಹೋಯಿತು.

ಹಣ ಹೋದ ಲೆಕ್ಕಕ್ಕಿಂತ ಹಣ ಬಂದ ದಾರಿಯನ್ನು ನೋಡಿ. ಬಡ್ಡಿ ನಮ್ಮಲ್ಲಿ ಹರಾಮ್. ಆದ್ದರಿಂದ ಬ್ಯಾಂಕಿನ ಠೇವಣಿಗೆ ಹಿಂಜರಿಯುವ ಸಾವಿರಾರು ಕುಟುಂಬಗಳಿವೆ. ಆ ಹಿಂಜರಿಕೆ ಶ್ರದ್ಧೆಯಿಂದ ಬಂದದ್ದು, ಅದನ್ನು ನಾನು ಗೌರವಿಸುತ್ತೇನೆ. ಅವರಿಗೆ ಈ ಸಂಸ್ಥೆ ಹೇಳಿದ್ದು: ನೀವು ಠೇವಣಿದಾರರಲ್ಲ, ವ್ಯಾಪಾರದಲ್ಲಿ ಪಾಲುದಾರರು, ಪ್ರತಿ ತಿಂಗಳು ನಿಮಗೆ ಬರುವುದು ಬಡ್ಡಿಯಲ್ಲ, ಹಲಾಲ್ ಲಾಭ. ಕಾಗದದ ಮೇಲೆ ಪಾಲುದಾರಿಕೆಯ ರೂಪವೂ ಇತ್ತು. ನಿಜವಾದ ಪಾಲುದಾರಿಕೆಯಲ್ಲಿ ನಷ್ಟಕ್ಕೂ ಪಾಲುಂಟು, ಲೆಕ್ಕಪತ್ರ ನೋಡುವ ಹಕ್ಕುಂಟು. ಇಲ್ಲಿ ತಿಂಗಳು ತಪ್ಪದೆ ಲಾಭ ಬರುತ್ತಿತ್ತು, ಲೆಕ್ಕ ಕೇಳುವವರಿರಲಿಲ್ಲ. ಕೇಳುವುದೇಕೆ? ಸಂಸ್ಥೆಯ ಒಡೆಯ ಗಡ್ಡ ಬಿಟ್ಟ ನಮಾಜಿ, ಶಿವಾಜಿನಗರದ ಸರ್ಕಾರಿ ಶಾಲೆಗೆ ನೆರವು ಕೊಟ್ಟವನು, ಮೌಲ್ವಿಗಳ ಜೊತೆ ವೇದಿಕೆ ಹಂಚಿಕೊಂಡವನು. ಠೇವಣಿ ತರಲು ಜನರನ್ನು ಹುರಿದುಂಬಿಸಿದ ಆರೋಪದಲ್ಲಿ ಒಬ್ಬ ಧರ್ಮಗುರುವೂ ಬಂಧಿತರಾದರು. ರಿಸರ್ವ್ ಬ್ಯಾಂಕ್ ಈ ಸಂಸ್ಥೆಯ ಬಗ್ಗೆ ರಾಜ್ಯ ಸರ್ಕಾರಕ್ಕೆ ಮೊದಲೇ ಎಚ್ಚರಿಕೆ ಕೊಟ್ಟಿತ್ತು. ತಡೆಯಬೇಕಾದ ಕುರ್ಚಿಯಲ್ಲಿದ್ದ ಕೆಲವು ಅಧಿಕಾರಿಗಳು ಲಂಚದ ಆರೋಪ ಹೊತ್ತರು. ಅದೂ ಸತ್ಯವೇ. ಆದರೆ ಸರ್ಕಾರದ ಲೋಪದ ಹಿಂದೆ ನಮ್ಮ ಮೌನವನ್ನು ಅಡಗಿಸಲು ನನಗೆ ಮನಸ್ಸಿಲ್ಲ.

ನಮ್ಮ ಮನೆಗಳಲ್ಲಿ, ಚಹಾದ ಅಂಗಡಿಗಳಲ್ಲಿ ಅನುಮಾನದ ಮಾತು ಬಂದಾಗ ಕೇಳಿಬರುವ ಉತ್ತರ ಒಂದೇ. ಇದು ಖೌಮಿನ, ಅಂದರೆ ಸಮುದಾಯದ, ವಿಷಯ, ಹೊರಗೆ ಆಡಬೇಡಿ. ನಮ್ಮವನೊಬ್ಬ ಮೇಲೆ ಬರುತ್ತಿದ್ದಾನೆ, ಕಾಲೆಳೆಯಬೇಡಿ. ಅದಕ್ಕೂ ಮೀರಿ ಮಾತು ಬೆಳೆದರೆ ಗದ್ದಾರ್, ಅಂದರೆ ದ್ರೋಹಿ, ಎಂಬ ಪಟ್ಟ. ಟಿಪ್ಪು ಹುಟ್ಟಿದ ದೇವನಹಳ್ಳಿಯ ಸೀಮೆಯಲ್ಲಿ ಈ ಮಾತಿಗೆ ಇನ್ನೂ ಹರಿತ ಹೆಚ್ಚು, ಏಕೆಂದರೆ ಟಿಪ್ಪುವಿಗೆ ದ್ರೋಹ ಬಗೆದ ಮೀರ್ ಸಾದಿಕ್‌ನ ಹೆಸರು ಇಲ್ಲಿ ಯಾರೂ ಮರೆತಿಲ್ಲ. ತನ್ನವರ ತಪ್ಪು ಎತ್ತಿ ಹೇಳಿದವನನ್ನು ಕೋಟೆ ಮಾರಿದವನ ಸಾಲಿನಲ್ಲಿ ನಿಲ್ಲಿಸುವುದು ನಮಗೆ ಅಷ್ಟು ಸಲೀಸಾಗಿದೆ.

ಈಗ ಪ್ರವಾದಿಯವರ ಕಾಲದ ಮದೀನಾಕ್ಕೆ ಹೋಗೋಣ. ಕುರ್‌ಆನಿನ ನಾಲ್ಕನೆಯ ಅಧ್ಯಾಯ ಅನ್ನಿಸಾದಲ್ಲಿ 105ನೇ ವಚನದಿಂದ ಒಂಬತ್ತು ವಚನಗಳು ಒಟ್ಟಿಗೆ ಬರುತ್ತವೆ. ಅವು ಇಳಿದ ಸಂದರ್ಭವನ್ನು ತಫ್ಸೀರುಗಳು, ಅಂದರೆ ವ್ಯಾಖ್ಯಾನ ಗ್ರಂಥಗಳು, ವಿವರಿಸುತ್ತವೆ. ವಿವರಗಳಲ್ಲಿ ವ್ಯತ್ಯಾಸವಿದ್ದರೂ ತಿರುಳು ಒಂದೇ. ಹೆಚ್ಚು ಪ್ರಸಿದ್ಧವಾದ ಕಥನದಲ್ಲಿ ಮದೀನಾದ ಸ್ಥಳೀಯ ಮುಸ್ಲಿಮರಾದ ಅನ್ಸಾರರ ಪೈಕಿ ಉಬೈರಿಕ್ ಮನೆತನದ ತುಅಮಾ ಎಂಬವನು ನೆರೆಯವನ ಯುದ್ಧಕವಚವನ್ನು ಕದ್ದ. ಕವಚವಿದ್ದದ್ದು ಹಿಟ್ಟಿನ ಚೀಲದಲ್ಲಿ. ಚೀಲಕ್ಕೆ ತೂತಿತ್ತು, ದಾರಿಯುದ್ದಕ್ಕೂ ಹಿಟ್ಟು ಸೋರಿತು. ಸಿಕ್ಕಿಬೀಳುವ ಭಯದಿಂದ ಅವನು ಕವಚವನ್ನು ಝೈದ್ ಎಂಬ ಯಹೂದಿಯ ಮನೆಯಲ್ಲಿ ಇಟ್ಟ. ಮಾಲು ಯಹೂದಿಯ ಮನೆಯಲ್ಲೇ ಸಿಕ್ಕಿತು. ನನಗೆ ಇದನ್ನು ತುಅಮಾ ಕೊಟ್ಟ ಎಂದು ಆತ ಹೇಳಿದ. ತುಅಮಾನ ಕುಲದವರಿಗೆ ಒಳಗೆ ಎಲ್ಲ ಗೊತ್ತಿತ್ತು. ಆದರೂ ಗುಂಪು ಕಟ್ಟಿಕೊಂಡು ಪ್ರವಾದಿಯ ಬಳಿಗೆ ಬಂದರು. ನಮ್ಮ ಹುಡುಗ ಮುಸ್ಲಿಂ, ಒಳ್ಳೆಯ ಮನೆತನದವನು. ಆರೋಪಿ ಯಹೂದಿ, ಮಾಲೂ ಅವನ ಮನೆಯಲ್ಲೇ ಇದೆ. ನಮ್ಮವನ ಮಾನ ಉಳಿಸಿ ಎಂದು ಬೇಡಿಕೊಂಡರು. ಮೇಲ್ನೋಟಕ್ಕೆ ಸಾಕ್ಷ್ಯ ಅವರ ಪರವಾಗಿಯೇ ಇತ್ತು.

ಆಗ ವಚನಗಳು ಇಳಿದವು. ಅವುಗಳ ಧಾಟಿ ಎಷ್ಟು ಕಠಿಣ ಎಂದರೆ, ಸಂಬೋಧನೆ ನೇರವಾಗಿ ಪ್ರವಾದಿಯವರಿಗೇ. ವಂಚಕರ ಪರ ವಕಾಲತ್ತು ವಹಿಸಬೇಡ ಎಂಬ ಎಚ್ಚರಿಕೆ ಅದರಲ್ಲಿದೆ. ಇಹದಲ್ಲಿ ಇವರ ಪರ ವಾದಿಸಲು ನೀವು ಇದ್ದೀರಿ, ಪುನರುತ್ಥಾನದ ದಿನ ಇವರ ವಕೀಲ ಯಾರು ಎಂದು ಕುಲದವರನ್ನು ಕೇಳಲಾಗಿದೆ. ತಾನು ಮಾಡಿದ ಪಾಪವನ್ನು ನಿರಪರಾಧಿಯ ತಲೆಗೆ ಕಟ್ಟುವವನು ಕಳ್ಳತನದ ಜೊತೆಗೆ ಸುಳ್ಳಾರೋಪದ ಹೊರೆಯನ್ನೂ ಹೊರುತ್ತಾನೆ ಎನ್ನಲಾಗಿದೆ. ಯಹೂದಿ ನಿರ್ದೋಷಿ ಎಂದಾಯಿತು. ಆ ತೀರ್ಪು ಇಂದಿಗೂ ಕುರ್‌ಆನಿನಲ್ಲಿದೆ; ಅದರ ಹಿನ್ನೆಲೆ ತಿಳಿದು ಓದುವ ಪ್ರತಿ ಮುಸ್ಲಿಮನೂ ಒಬ್ಬ ಯಹೂದಿಯ ನಿರ್ದೋಷವನ್ನು, ಒಬ್ಬ ಮುಸ್ಲಿಮನ ಮತ್ತು ಅವನ ಮನೆತನದ ತಪ್ಪನ್ನು ಓದುತ್ತಾನೆ. ಆ ಕಾಲದ ಮದೀನಾದಲ್ಲಿ ಮುಸ್ಲಿಮರು ಚಿಕ್ಕ ಸಮುದಾಯ, ಮಕ್ಕಾದ ಕಡೆಯಿಂದ ಶತ್ರುಗಳು, ಊರೊಳಗೆ ಕಪಟಿಗಳು. ಕಾಲ ಸರಿಯಿಲ್ಲ, ಈಗ ಇದು ಹೊರಬಿದ್ದರೆ ವೈರಿಗಳಿಗೆ ಅಸ್ತ್ರವಾಗುತ್ತದೆ ಎಂಬ ವಾದ ಇಂದಿಗಿಂತ ಅಂದು ಹೆಚ್ಚು ಸಮಂಜಸವಾಗಿ ಕೇಳಿಸುತ್ತಿತ್ತು. ಆ ವಾದಕ್ಕೆ ಅಲ್ಲಿ ಕವಡೆಯ ಬೆಲೆ ಸಿಗಲಿಲ್ಲ.

ಅದೇ ಅಧ್ಯಾಯದ 135ನೇ ವಚನ ಇದನ್ನೇ ನಿಯಮವನ್ನಾಗಿ ಮಾಡುತ್ತದೆ. ನ್ಯಾಯದಲ್ಲಿ ಗಟ್ಟಿಯಾಗಿ ನಿಲ್ಲಿ, ದೇವರಿಗಾಗಿ ಸಾಕ್ಷಿ ನುಡಿಯಿರಿ, ಆ ಸಾಕ್ಷ್ಯ ನಿಮಗೇ ವಿರುದ್ಧವಾದರೂ, ಹೆತ್ತವರಿಗೆ, ನಂಟರಿಗೆ ವಿರುದ್ಧವಾದರೂ ಸರಿ ಎನ್ನುತ್ತದೆ. ಧನಿಕನೆಂದು ಹಿಂಜರಿಯಬೇಡಿ, ಬಡವನೆಂದು ಕನಿಕರಿಸಿ ಸಾಕ್ಷ್ಯ ತಿರುಚಬೇಡಿ ಎಂದೂ ಸೇರಿಸುತ್ತದೆ. ಐದನೆಯ ಅಧ್ಯಾಯದ ಎಂಟನೇ ವಚನ ಇದರ ಇನ್ನೊಂದು ಮಗ್ಗುಲು: ಯಾವುದೋ ಜನರ ಮೇಲಿನ ದ್ವೇಷ ನಿಮ್ಮನ್ನು ಅನ್ಯಾಯಕ್ಕೆ ದೂಡದಿರಲಿ. ಪ್ರೀತಿಯೂ ಕಣ್ಣು ಕಟ್ಟಬಾರದು, ದ್ವೇಷವೂ ಕಟ್ಟಬಾರದು.

ಹಾಗಾದರೆ ಸೋದರತ್ವ ಎಲ್ಲಿ ಹೋಯಿತು? ಎಲ್ಲಿಗೂ ಹೋಗಲಿಲ್ಲ. ಅರಬರಲ್ಲಿ ಇಸ್ಲಾಮಿಗೂ ಹಿಂದಿನಿಂದ ಒಂದು ಮಾತಿತ್ತು: ನಿನ್ನ ಸೋದರ ಪೀಡಕನಾಗಿರಲಿ, ಪೀಡಿತನಾಗಿರಲಿ, ಅವನಿಗೆ ನೆರವಾಗು. ಕುಲದ ಕಾನೂನು ಅದು. ಪ್ರವಾದಿಯವರು ಅದೇ ಮಾತನ್ನು ಹೇಳಿದಾಗ ಕೇಳಿದವರು ಬೆಚ್ಚಿದರು. ಪೀಡಿತನಿಗೆ ನೆರವಾಗುವುದು ಸರಿ, ಪೀಡಕನಿಗೆ ಹೇಗೆ ನೆರವಾಗುವುದು ಎಂದು ಕೇಳಿದರು. ಪೀಡಿಸದಂತೆ ಅವನ ಕೈ ತಡೆಯುವುದೇ ಅವನಿಗೆ ಮಾಡುವ ನೆರವು ಎಂದು ಉತ್ತರ ಬಂತು. ಇದು ಹದೀಸ್‌ಗಳ, ಅಂದರೆ ಪ್ರವಾದಿವಚನಗಳ, ಬುಖಾರಿ ಸಂಗ್ರಹದಲ್ಲಿದೆ. ಈ ಹದೀಸ್ ನನ್ನ ಇಡೀ ಉಪನ್ಯಾಸದ ಬೆನ್ನೆಲುಬು. ಐಎಂಎಯ ಮೊದಲ ವರ್ಷಗಳಲ್ಲೇ ಯಾರಾದರೂ ಲೆಕ್ಕ ತೋರಿಸು ಎಂದು ಪಟ್ಟು ಹಿಡಿದಿದ್ದರೆ ಮನ್ಸೂರ್ ಖಾನ್‌ಗೆ ಆಗುತ್ತಿದ್ದ ಉಪಕಾರ ಎಷ್ಟು ದೊಡ್ಡದೆಂದು ಯೋಚಿಸಿ. ಹೊಗಳಿದವರು, ಹಾರ ಹಾಕಿದವರು ಅವರ ಮಿತ್ರರಾಗಲಿಲ್ಲ.

ಇನ್ನೊಂದು ಪ್ರಸಂಗದಲ್ಲಿ, ತನ್ನ ಜನರನ್ನು ಪ್ರೀತಿಸುವುದು ಕುಲಾಂಧತೆಯೇ ಎಂದು ಕೇಳಲಾಯಿತು. ಅಲ್ಲ, ಅನ್ಯಾಯದಲ್ಲಿ ತನ್ನ ಜನರ ಬೆಂಬಲಕ್ಕೆ ನಿಲ್ಲುವುದು ಕುಲಾಂಧತೆ ಎಂದು ಪ್ರವಾದಿ ಗೆರೆ ಎಳೆದರು. ಅರಬಿಯಲ್ಲಿ ಅಸಬಿಯ್ಯ ಎನ್ನುವ ಈ ಕುಲಾಂಧತೆ ನಮ್ಮ ಕಡೆ ಜಾತಿ ಅಭಿಮಾನ, ಊರಭಿಮಾನ, ಪಕ್ಷಾಭಿಮಾನ ಎಲ್ಲದರಲ್ಲೂ ಇದೆ. ನಿಮ್ಮ ಹುಣಸೆ ತೋಪನ್ನೇ ತೆಗೆದುಕೊಳ್ಳಿ. ಸುಮಾರು 54 ಎಕರೆಯ ಈ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಹೊರಗಿನವನೊಬ್ಬ ಅದರ ರೆಂಬೆ ಕಡಿದರೆ ಊರೇ ಎದ್ದು ನಿಲ್ಲುತ್ತದೆ. ಊರಿನ ಗಣ್ಯರೊಬ್ಬರ ಮಗ ಕಡಿದರೆ ಎಷ್ಟು ಜನ ಮಹಜರಿಗೆ ಸಹಿ ಹಾಕುತ್ತಾರೆ ಎಂಬುದು ತೋಪಿನ ಮೇಲಿನ ಪ್ರೀತಿಯ ಅಳತೆ.

ನಮ್ಮ ಧಾರ್ಮಿಕರು ಇಲ್ಲಿ ಎತ್ತುವ ಒಂದು ಆಕ್ಷೇಪಕ್ಕೆ ಉತ್ತರಿಸಬೇಕು, ಏಕೆಂದರೆ ಅದು ಹಗುರವಾದದ್ದಲ್ಲ. ಸೋದರನ ದೋಷವನ್ನು ಮುಚ್ಚಿದವನ ದೋಷವನ್ನು ದೇವರು ಮುಚ್ಚುತ್ತಾನೆ ಎಂಬರ್ಥದ ಹದೀಸ್ ಇದೆ. ಬೆನ್ನ ಹಿಂದೆ ಆಡಿಕೊಳ್ಳುವ ಗೀಬತ್ತನ್ನು ಕುರ್‌ಆನ್ ಸತ್ತ ಸೋದರನ ಮಾಂಸ ತಿನ್ನುವುದಕ್ಕೆ ಹೋಲಿಸುತ್ತದೆ. ಹೀಗಿರುವಾಗ ತಪ್ಪನ್ನು ಬಯಲಿಗೆಳೆಯಬಹುದೇ? ಹದಿಮೂರನೆಯ ಶತಮಾನದ ಇಮಾಮ್ ನವವಿ ಈ ಪ್ರಶ್ನೆಯನ್ನು ಬಿಡಿಸಿ ಬಿಡಿಸಿ ನೋಡಿದ್ದಾರೆ. ನಮ್ಮ ಮಸೀದಿಗಳಲ್ಲಿ ಇಂದಿಗೂ ಓದುವ ರಿಯಾಝುಸ್ಸಾಲಿಹೀನ್ ಅವರದ್ದೇ. ಇನ್ನೊಬ್ಬರ ತಪ್ಪನ್ನು ಹೇಳಲು ಅನುಮತಿಯಿರುವ ಆರು ಸಂದರ್ಭಗಳನ್ನು ಅದರಲ್ಲಿ ಅವರು ಗುರುತಿಸುತ್ತಾರೆ. ಅನ್ಯಾಯಕ್ಕೊಳಗಾದವನು ಅಧಿಕಾರಿಗೆ ದೂರು ಕೊಡುವುದು ಒಂದು. ಕೆಡುಕನ್ನು ತಡೆಯಲು ನೆರವು ಕೇಳುವುದು ಇನ್ನೊಂದು. ಜನರನ್ನು ಹಾನಿಯಿಂದ ಎಚ್ಚರಿಸುವುದು ಮತ್ತೊಂದು. ವ್ಯಾಪಾರದಲ್ಲಿ, ಸಂಬಂಧ ಬೆಳೆಸುವಾಗ ಸಲಹೆ ಕೇಳಿದವನಿಗೆ ನಿಜ ಹೇಳುವುದನ್ನು ಅವರು ಕರ್ತವ್ಯವೆಂದೇ ಎಣಿಸುತ್ತಾರೆ. ಒಬ್ಬ ಮನುಷ್ಯ ತನ್ನ ಮನೆಯೊಳಗೆ ಮಾಡಿದ, ತನಗಷ್ಟೇ ಕೇಡಾದ ಪಾಪವನ್ನು ಮುಚ್ಚಿಡುವುದು ದಯೆ. ವಿಧವೆಯ ಉಳಿತಾಯದ ಮೇಲೆ ಕೈಹಾಕಿದವನ ತಪ್ಪನ್ನು ಮುಚ್ಚಿಡುವುದು ವಿಧವೆಗೆ ಮಾಡುವ ದ್ರೋಹ. ಇವೆರಡನ್ನೂ ನಾವು ಒಂದೇ ಬಟ್ಟೆಯಿಂದ ಮುಚ್ಚಿದ್ದೇವೆ.

ದಾನದ ಪ್ರಶ್ನೆಯೂ ಇದೆ. ಅಷ್ಟು ದಾನ ಮಾಡಿದವನನ್ನು ಹಾಗೆ ಅನ್ನಬಹುದೇ ಎಂದು ಈಗಲೂ ಕೇಳುವವರಿದ್ದಾರೆ. ದಾನವಾಗಲಿ ಸೇವೆಯಾಗಲಿ ತಪ್ಪನ್ನು ಅಳಿಸುವುದಿಲ್ಲ ಎಂಬುದಕ್ಕೆ ಒಂದು ಪ್ರಸಂಗವಿದೆ. ಖೈಬರ್ ಕಾಳಗದಿಂದ ಹಿಂದಿರುಗುವಾಗ ಪ್ರವಾದಿಯವರ ಸೇವಕ ಮಿದ್‌ಅಮ್ ಎಂಬವನು ಎಲ್ಲಿಂದಲೋ ಬಂದ ಬಾಣ ತಗುಲಿ ಸತ್ತ. ಧನ್ಯ, ಸ್ವರ್ಗ ಸೇರಿದ ಎಂದರು ಜನ. ಇಲ್ಲ, ಹಂಚಿಕೆಗೆ ಮೊದಲೇ ಖೈಬರಿನ ಮಾಲಿನಿಂದ ಅವನು ತೆಗೆದುಕೊಂಡ ಹೊದಿಕೆ ಅವನ ಮೇಲೆ ಬೆಂಕಿಯಾಗಿ ಉರಿಯುತ್ತಿದೆ ಎಂದರು ಪ್ರವಾದಿ. ಇದನ್ನು ಕೇಳಿದ ಒಬ್ಬ ಚಪ್ಪಲಿಯ ಒಂದೆರಡು ಬಾರುಗಳನ್ನು ತಂದು ಮುಂದಿಟ್ಟ. ಸಮುದಾಯದ ಸೊತ್ತಿನಲ್ಲಿ ಒಂದು ಹೊದಿಕೆ, ಒಂದು ಬಾರು. ಅಷ್ಟಕ್ಕೇ ಇಷ್ಟು ಕಟ್ಟುನಿಟ್ಟು.

ಈ ಮಾನದಂಡ ಹಿಡಿದು ವಕ್ಫ್ ಆಸ್ತಿಗಳ ಕಡೆ ತಿರುಗಿದರೆ ತಲೆ ತಗ್ಗುತ್ತದೆ. ಯಾರೋ ಪುಣ್ಯಾತ್ಮರು ಅನಾಥರಿಗೆ, ಮಸೀದಿಗೆ, ಖಬರಸ್ಥಾನಕ್ಕೆ ಬಿಟ್ಟುಕೊಟ್ಟ ನೆಲ ಅದು. ನೀವು ಈ ಉಪನ್ಯಾಸಕ್ಕೆ ಇಟ್ಟ ದತ್ತಿಯಂತೆ ಅದೂ ನಂಬಿಕೆಯ ಮೇಲೆ ನಿಂತಿದೆ. 2012ರಲ್ಲಿ ರಾಜ್ಯ ಅಲ್ಪಸಂಖ್ಯಾತರ ಆಯೋಗದ ಅಧ್ಯಕ್ಷರಾಗಿದ್ದ ಅನ್ವರ್ ಮಾಣಿಪ್ಪಾಡಿ ಸರ್ಕಾರಕ್ಕೆ ವರದಿ ಕೊಟ್ಟು, ಸುಮಾರು 27,000 ಎಕರೆ ವಕ್ಫ್ ಭೂಮಿ ದುರುಪಯೋಗವಾಗಿದೆ, ಅದರಲ್ಲಿ ಸಮುದಾಯದ ನಾಯಕರದ್ದೂ ಕೈಯಿದೆ ಎಂದು ಆರೋಪಿಸಿದರು. ಹೆಸರಿಸಲ್ಪಟ್ಟವರು ಅಲ್ಲಗಳೆದರು. ಅಂಕಿಗಳ ಬಗ್ಗೆ ತಕರಾರು ಎತ್ತಬಹುದು, ತನಿಖೆ ಬೇಕು ಎನ್ನಬಹುದು. ಸುದ್ದಿ ತಂದವನ ಮಾತನ್ನು ಪರಿಶೀಲಿಸಿ ಎಂದು ಕುರ್‌ಆನೇ ಹೇಳುತ್ತದೆ. ಆದರೆ ನಮ್ಮಲ್ಲಿ ನಡೆದ ಚರ್ಚೆ ಬಹುಮಟ್ಟಿಗೆ ಒಂದೇ ಅಂಶದ ಸುತ್ತ ಸುತ್ತಿತು: ವರದಿ ಕೊಟ್ಟವರು ಬಿಜೆಪಿಯವರು. ಹೇಳಿದವನ ಪಕ್ಷ ಯಾವುದೆಂದು ಗೊತ್ತಾದ ಮೇಲೆ ಅನಾಥರ ಜಮೀನು ಎಲ್ಲಿ ಹೋಯಿತೆಂದು ಕೇಳುವ ಅಗತ್ಯ ಹಲವರಿಗೆ ಕಾಣಲಿಲ್ಲ. 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ದೇವನಹಳ್ಳಿಯ ನೆಲದ ಬೆಲೆ ಏನಾಯಿತೆಂದು ನಿಮಗೆ ನಾನು ಹೇಳಬೇಕಿಲ್ಲ. ಅದಕ್ಕೇ, ಮಸೀದಿಯ ಜಮೀನಿನ ಲೆಕ್ಕವನ್ನು ಜುಮ್ಮಾ ನಮಾಜಿನ ನಂತರ ಜಮಾತಿನ ಮುಂದೆ ಓದಿ ಹೇಳುವ ಕಮಿಟಿಗಳು ಈ ಸೀಮೆಯಲ್ಲಿ ಹೆಚ್ಚಲಿ ಎಂಬುದು ನನ್ನ ಮನವಿ. ವಕ್ಫ್ ಆಸ್ತಿ ನೋಡಿಕೊಳ್ಳುವ ಮುತವಲ್ಲಿ ಸಜ್ಜನನಾದಷ್ಟೂ ಲೆಕ್ಕ ಕೇಳುವುದು ಅವನಿಗೆ ಗೌರವ.

ತಪ್ಪು ಮಾಡಿದವರ ವಿಷಯದಲ್ಲಿ ಮೆದುವಾದ ನಾವು ತಪ್ಪನ್ನು ತೋರಿಸಿದವರ ವಿಷಯದಲ್ಲಿ ಮೆದುವಾಗಿರಲಿಲ್ಲ. ಕಾಸರಗೋಡಿನ ಸಾರಾ ಅಬೂಬಕ್ಕರ್ ತಲಾಕ್ ಹೆಸರಿನಲ್ಲಿ ಹೆಣ್ಣುಮಕ್ಕಳಿಗಾಗುವ ಅನ್ಯಾಯವನ್ನು ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯಲ್ಲಿ ಬರೆದದ್ದಕ್ಕೆ ತಮ್ಮವರಿಂದಲೇ ವಿರೋಧ ಎದುರಿಸಿದರು. ಹಾಸನದ ಬಾನು ಮುಷ್ತಾಕ್ ಮಸೀದಿಗೆ ಮಹಿಳೆಯರ ಪ್ರವೇಶದ ಹಕ್ಕಿನ ಪರ ಮಾತನಾಡಿದ್ದಕ್ಕೆ 2000ದಲ್ಲಿ ಬಹಿಷ್ಕಾರ ಅನುಭವಿಸಿದರು. 2025ರಲ್ಲಿ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಅಂತರರಾಷ್ಟ್ರೀಯ ಬುಕರ್ ಬಂದಾಗ ಅಭಿನಂದನೆಯ ಫಲಕಗಳಿಗೆ ಬರವಿರಲಿಲ್ಲ. ಪ್ರಶಸ್ತಿ ಬರುವ ಮುಂಚಿನ ಆ ಇಪ್ಪತ್ತೈದು ವರ್ಷಗಳನ್ನು ನಾನು ಮರೆಯಲಾರೆ. ವಂಚಕನಿಗೆ ಹಾರ, ಸಾಕ್ಷಿಗೆ ಬಹಿಷ್ಕಾರ: ಇದು ತುಅಮಾನ ಕುಲದವರ ನ್ಯಾಯ, ಅನ್ನಿಸಾದ ನ್ಯಾಯವಲ್ಲ.

ಸಭೆಯಲ್ಲಿರುವ ಬೇರೆ ಧರ್ಮದ ಬಂಧುಗಳಿಗೂ ಒಂದು ಮಾತು. ಯಾರೋ ಒಬ್ಬ ಮುಸ್ಲಿಮ್ ತಪ್ಪು ಮಾಡಿದಾಗ ಬೀದಿಯ ಹಣ್ಣಿನ ವ್ಯಾಪಾರಿಯನ್ನು ನಿಲ್ಲಿಸಿ ನಿನ್ನ ಉತ್ತರವೇನು ಎಂದು ಕೇಳುವುದು ನಾನು ಹೇಳುತ್ತಿರುವ ನ್ಯಾಯವಲ್ಲ. ಒಬ್ಬನ ಹೊರೆಯನ್ನು ಇನ್ನೊಬ್ಬ ಹೊರುವುದಿಲ್ಲ ಎಂಬುದು ಕುರ್‌ಆನಿನಲ್ಲಿ ಮತ್ತೆ ಮತ್ತೆ ಬರುವ ತತ್ವ. ಸಾಕ್ಷಿ ಹೇಳುವ ಹೊಣೆ ಕಂಡವನದ್ದು, ತಿಳಿದವನದ್ದು, ಮುಚ್ಚಿಟ್ಟವನದ್ದು. ಆ ಹಣ್ಣಿನ ವ್ಯಾಪಾರಿಯೂ ಐಎಂಎಯಲ್ಲಿ ಹಣ ಕಳೆದುಕೊಂಡವನಾಗಿರಬಹುದು. ಒಳಗಿನ ತಪ್ಪನ್ನು ಹೊರಗೆ ಆಡಲು ನಮ್ಮವರಿಗಿರುವ ಭಯಕ್ಕೆ ಕಾರಣವಿದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಒಬ್ಬನ ಅಪರಾಧವನ್ನು ಇಡೀ ಸಮುದಾಯದ ಹಣೆಗೆ ಹಚ್ಚುವವರು ಇರುವತನಕ, ಒಳಗಿನ ಸಾಕ್ಷಿಗಳ ಬಾಯಿ ಕಟ್ಟುವ ಕೆಲಸ ಅವರಿಂದಲೂ ಆಗುತ್ತಿರುತ್ತದೆ.

ತಪ್ಪು ಮಾಡಿದವನನ್ನು ಏನು ಮಾಡಬೇಕು ಎಂಬುದು ಉಳಿದಿದೆ. ಇಸ್ಲಾಮಿನ ಮೊದಲ ಶತಮಾನದಲ್ಲೇ ಖವಾರಿಜ್ ಎಂಬ ಪಂಗಡ, ಮಹಾಪಾಪ ಮಾಡಿದವನು ಮುಸ್ಲಿಮನೇ ಅಲ್ಲ ಎಂದು ವಾದಿಸಿ ಕತ್ತಿ ಹಿಡಿಯಿತು. ಮುಖ್ಯವಾಹಿನಿಯ ಧರ್ಮವಿದ್ವಾಂಸರು ಇದನ್ನು ಒಪ್ಪಲಿಲ್ಲ. ಪಾಪಿ ಪಾಪಿಯೇ, ಆದರೆ ಸೋದರತ್ವದಿಂದ ಹೊರಗಲ್ಲ ಎಂದರು. ನಮ್ಮವನು ಹಾಗೆ ಮಾಡಿರಲಾರ ಎಂಬುದು ಸುಲಭದ ದಾರಿ, ಅವನು ನಮ್ಮವನೇ ಅಲ್ಲ ಎಂಬುದೂ ಅಷ್ಟೇ ಸುಲಭದ ದಾರಿ. ಎರಡರಲ್ಲೂ ನಮ್ಮ ಹೊಣೆ ಜಾರಿಹೋಗುತ್ತದೆ. ಇಮಾಮ್ ಗಝಾಲಿ ಸೋದರತ್ವದ ಹಕ್ಕುಗಳನ್ನು ಬರೆಯುವಾಗ ಪ್ರವಾದಿಯವರ ಇಬ್ಬರು ಸಂಗಾತಿಗಳ ಭಿನ್ನಮತ ನೆನೆಯುತ್ತಾರೆ: ಕೆಟ್ಟ ಗೆಳೆಯನನ್ನು ಬಿಟ್ಟುಬಿಡು ಎಂದವರು ಅಬೂಝರ್, ಇಂದು ಡೊಂಕಾದವನು ನಾಳೆ ನೆಟ್ಟಗಾದಾನು, ಬಿಡಬೇಡ ಎಂದವರು ಅಬುದ್ದರ್ದಾ. ಗಝಾಲಿಯ ಒಲವು ಎರಡನೆಯದರ ಕಡೆಗೆ, ನನ್ನದೂ ಅದೇ.

ಶಿಕ್ಷೆಯೂ ಸೋದರತ್ವವೂ ಒಟ್ಟಿಗೆ ನಿಂತ ಒಂದು ಪ್ರಸಂಗವಿದೆ. ಮಕ್ಕಾ ವಿಜಯದ ಸಮಯದಲ್ಲಿ ಕುರೈಷರ ಮಖ್ಝೂಮ್ ಎಂಬ ಪ್ರತಿಷ್ಠಿತ ಮನೆತನದ ಹೆಣ್ಣೊಬ್ಬಳು ಕಳ್ಳತನದಲ್ಲಿ ಸಿಕ್ಕಿಬಿದ್ದಳು. ಮನೆತನದವರು ಪ್ರವಾದಿಗೆ ಅತ್ಯಂತ ಪ್ರಿಯನಾಗಿದ್ದ ಉಸಾಮಾನನ್ನು ಹಿಡಿದು ಶಿಫಾರಸು ಕಳಿಸಿದರು. ಪ್ರವಾದಿಯವರ ಮುಖ ಬಣ್ಣಗೆಟ್ಟಿತು. ಗಣ್ಯರು ಕದ್ದಾಗ ಬಿಟ್ಟು, ದುರ್ಬಲರು ಕದ್ದಾಗ ಶಿಕ್ಷಿಸಿದ್ದರಿಂದಲೇ ಹಿಂದಿನ ಜನಾಂಗಗಳು ನಾಶವಾದವು, ತನ್ನ ಮಗಳು ಫಾತಿಮಾ ಕದ್ದರೂ ಶಿಕ್ಷೆ ಇದೇ ಎಂದು ಎದ್ದು ನಿಂತು ಸಾರಿದರು. ಈ ಭಾಗ ಮಸೀದಿಯ ಪ್ರವಚನಗಳಾದ ಖುತ್ಬಾಗಳಲ್ಲಿ ಆಗಾಗ ಬರುತ್ತದೆ. ಅದರ ಮುಂದಿನ ಭಾಗವನ್ನು ಹೇಳುವವರು ಕಡಿಮೆ. ಶಿಕ್ಷೆಯಾದ ಮೇಲೆ ಆಕೆ ಮನಃಪೂರ್ವಕ ಪಶ್ಚಾತ್ತಾಪ ಪಟ್ಟಳು, ಮದುವೆಯಾದಳು. ಏನಾದರೂ ಬೇಕಾದಾಗ ಪ್ರವಾದಿಯವರ ಪತ್ನಿ ಆಯಿಷಾ ಅವರ ಬಳಿಗೆ ಬರುತ್ತಿದ್ದಳು. ಅವಳ ಅಗತ್ಯವನ್ನು ಆಯಿಷಾ ಪ್ರವಾದಿಯವರಿಗೆ ತಲುಪಿಸುತ್ತಿದ್ದರು.